ಒಂಟಿಗಣ್ಣಿನ ಆಳನೋಟ

ಒಂದು ಹಾಳೆಯನ್ನು ಕೊಳವೆಯ ಹಾಗೆ ಸುತ್ತಿಕೊಳ್ಳಿ. ಫೋನಿನಲ್ಲಿ ಹೊರಾಂಗಣದ ಒಂದು ಫೋಟೊ ತೆರೆದಿಡಿ: ಸಾಲುಮರದ ರಸ್ತೆ, ದೇವಸ್ಥಾನದ ಪ್ರಾಕಾರ, ಗದ್ದೆಯ ಬದು, ಯಾವುದಾದರೂ ಸರಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಕೊಳವೆ ಹಿಡಿದು ಚಿತ್ರವನ್ನು ಮಾತ್ರ ನೋಡಿ. ಫೋನಿನ ಅಂಚು ಕಣ್ಣಿಗೆ ಬೀಳಬಾರದು. ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದರೆ ರಸ್ತೆ ಒಳಕ್ಕೆ ಸರಿಯುತ್ತದೆ, ಹತ್ತಿರದ ಮರ ಮುಂದಕ್ಕೆ ಬರುತ್ತದೆ, ಮರಕ್ಕೂ ಅದರ ಹಿಂದಿನ ಗೋಡೆಗೂ ನಡುವೆ ಜಾಗ ಹುಟ್ಟಿಕೊಳ್ಳುತ್ತದೆ. ಎಲ್ಲರಿಗೂ ಒಂದೇ ಸಮನೆ ಕಾಣುವುದಿಲ್ಲ; ಬಹಳ ಮಂದಿಗೆ ಕಾಣುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಎಡ್ವಾರ್ ಕ್ಲಾಪರೇಡ್ 1904ರಲ್ಲೇ ಈ ವಿಚಿತ್ರದ ಬಗ್ಗೆ ಬರೆದಿದ್ದರು.

ವಿಚಿತ್ರ ಏನೆಂದರೆ, ಆಳ ಕಾಣಲು ಎರಡು ಕಣ್ಣು ಬೇಕೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇಲ್ಲಿ ಒಂದನ್ನು ಮುಚ್ಚಿದ ಮೇಲೆ ಆಳ ಹೆಚ್ಚಾಯಿತು. ಎರಡೂ ಕಣ್ಣು ತೆರೆದಿದ್ದಾಗ ಅವು ಮಿದುಳಿಗೆ ಬಿಡದೆ ಹೇಳುತ್ತಿರುತ್ತವೆ: ಇದು ಗಾಜಿನ ಹಲಗೆ, ಇದರ ಮೇಲಿರುವುದೆಲ್ಲ ಒಂದೇ ದೂರದಲ್ಲಿದೆ. ಒಂದು ಕಣ್ಣು ಮುಚ್ಚಿದೊಡನೆ ಆ ಸಾಕ್ಷಿ ಬಾಯಿ ಮುಚ್ಚುತ್ತದೆ. ಅಂಚು ಮರೆಯಾದೊಡನೆ ಚೌಕಟ್ಟಿನ ಸಾಕ್ಷಿಯೂ ಹೋಯಿತು. ಉಳಿಯುವುದು ಚಿತ್ರದೊಳಗಿನ ಸುಳಿವುಗಳು. ಮರ ಗೋಡೆಯನ್ನು ಮರೆಮಾಡಿದೆ, ಆದ್ದರಿಂದ ಮರ ಮುಂದಿದೆ. ರಸ್ತೆಯ ಎರಡು ಅಂಚುಗಳು ದೂರ ಹೋದಂತೆಲ್ಲ ಹತ್ತಿರವಾಗುತ್ತಿವೆ. ಕಾಲಬುಡದ ಜಲ್ಲಿ ದಪ್ಪ, ಅತ್ತಲಿನದು ಸಣ್ಣ. ಕಡೆಯ ಗುಡ್ಡ ಮಸುಕು ನೀಲಿ. ಈ ಸುಳಿವುಗಳೆಲ್ಲ ಫೋಟೊದಲ್ಲಿ ಮೊದಲಿನಿಂದಲೂ ಇದ್ದವು; ಎದುರು ಸಾಕ್ಷಿಯ ಗಲಾಟೆಯಲ್ಲಿ ಅವುಗಳ ಮಾತು ಕೇಳಿಸುತ್ತಿರಲಿಲ್ಲ, ಅಷ್ಟೆ.

ಸ್ಮಾರ್ಟ್‌ಫೋನಿನ ಸಾಮಾನ್ಯ ಫೋಟೊವನ್ನು ಮೂರು ಆಯಾಮದ್ದಾಗಿ ಮಾಡುವ ಕಸುಬು ಇಲ್ಲಿಂದಲೇ ಶುರುವಾಗುತ್ತದೆ. ಫೋನು ಕೆಲವೊಮ್ಮೆ ಆಳವನ್ನು ನಿಜವಾಗಿಯೂ ಅಳೆಯುತ್ತದೆ. ಅಳೆಯಲಾಗದಾಗ ಊಹಿಸುತ್ತದೆ. ಊಹೆಗೂ ಸಿಗದ ಕಡೆ ತಾನೇ ಕಟ್ಟಿ ತುಂಬುತ್ತದೆ. ಪರದೆಯ ಮೇಲೆ ಮೂರೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಬೇರ್ಪಡಿಸಿ ನೋಡುವುದೇ ಈ ಅಧ್ಯಾಯದ ಕೆಲಸ.

ಕಳೆದುಹೋದ ಸಂಖ್ಯೆ

ಅಂಗಳದಲ್ಲಿ ತುಳಸಿಕಟ್ಟೆಯ ಮುಂದೆ ಅಜ್ಜಿ ನಿಂತಿದ್ದಾರೆ, ನೀವು ಅವರ ಫೋಟೊ ತೆಗೆದಿರಿ ಎನ್ನಿ. ಅಜ್ಜಿಯ ಮೂಗುಬೊಟ್ಟಿನಿಂದ ಹೊರಟ ಬೆಳಕು ಲೆನ್ಸ್ ಹೊಕ್ಕು ಸೆನ್ಸರಿನ ಒಂದು ಬಿಂದುವಿಗೆ ಬಡಿಯುತ್ತದೆ. ಆ ಬಿಂದು ಬಣ್ಣವನ್ನೂ ಹೊಳಪನ್ನೂ ಬರೆದುಕೊಳ್ಳುತ್ತದೆ. ಬೆಳಕು ಯಾವ ದಿಕ್ಕಿನಿಂದ ಬಂತೆಂಬುದು ಬಿಂದು ಇರುವ ಜಾಗದಿಂದಲೇ ಗೊತ್ತಾಗುತ್ತದೆ. ಎಷ್ಟು ದೂರದಿಂದ ಬಂತು ಎಂಬುದು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. 2 ಮೀಟರ್ ದೂರದಲ್ಲಿ ನಿಂತ ಅಜ್ಜಿಗೂ, 4 ಮೀಟರ್ ದೂರದಲ್ಲಿ ನಿಲ್ಲಿಸಿದ ಅಜ್ಜಿಯ ದುಪ್ಪಟ್ಟು ಎತ್ತರದ ಕಟೌಟಿಗೂ ಫೋಟೊದಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಒಂದು ಚಿತ್ರಕ್ಕೆ ಹೊಂದುವ ಮೂರು ಆಯಾಮದ ಲೋಕಗಳು ಲೆಕ್ಕವಿಲ್ಲದಷ್ಟಿವೆ. ನಾವು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಅದೇ ನಿಜವೆಂದು ನಂಬುತ್ತೇವೆ.

ಆ ನಂಬಿಕೆ ಎಷ್ಟು ಗಟ್ಟಿ ಎಂದು ಅಮೆರಿಕದ ಅಡೆಲ್ಬರ್ಟ್ ಏಮ್ಸ್ ಒಂದು ಕೋಣೆ ಕಟ್ಟಿಸಿ ತೋರಿಸಿದರು. ಕೋಣೆಯ ಹಿಂದಿನ ಗೋಡೆ ಓರೆ, ಒಂದು ಮೂಲೆ ಇನ್ನೊಂದಕ್ಕಿಂತ ದುಪ್ಪಟ್ಟು ದೂರ, ನೆಲ ಇಳಿಜಾರು. ಗೋಡೆಯಲ್ಲಿನ ಒಂದು ರಂಧ್ರದಿಂದ ಒಂದೇ ಕಣ್ಣಿನಲ್ಲಿ ನೋಡಿದರೆ ಮಾತ್ರ ಅದು ಚೌಕಾಕಾರದ ಮಾಮೂಲಿ ಕೋಣೆ. ಎರಡು ಮೂಲೆಗಳಲ್ಲಿ ಒಂದೇ ಎತ್ತರದ ಇಬ್ಬರನ್ನು ನಿಲ್ಲಿಸಿದರೆ ಒಬ್ಬ ದೈತ್ಯ, ಇನ್ನೊಬ್ಬ ಕುಳ್ಳ. ಮನುಷ್ಯರ ಎತ್ತರ ನಮಗೆ ಗೊತ್ತಿಲ್ಲವೇ? ಗೊತ್ತು. ಆದರೂ ಮಿದುಳು ಕೋಣೆಯ ಪರವಾಗಿಯೇ ತೀರ್ಪು ಕೊಡುತ್ತದೆ.

ಕಳೆದುಹೋದ ಆ ಸಂಖ್ಯೆಯನ್ನು ಮರಳಿ ಪಡೆಯಲು ಹಳೆಯ ಉಪಾಯವೆಂದರೆ ಇನ್ನೊಂದು ಚಿತ್ರ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ರಾಯಲ್ ಸೊಸೈಟಿಯ ಮುಂದೆ ಸ್ಟೀರಿಯೊಸ್ಕೋಪನ್ನು ವಿವರಿಸಿದರು. ಎರಡು ಕನ್ನಡಿ, ಎರಡು ಚಿತ್ರ; ಎಡಗಣ್ಣಿಗೊಂದು, ಬಲಗಣ್ಣಿಗೊಂದು. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾದದ್ದು ಮರುವರ್ಷ. ಹಾಗಾಗಿ ಅವರು ತೋರಿಸಿದ 3ಡಿ ಚಿತ್ರಗಳು ಫೋಟೊಗಳಲ್ಲ, ಬರೀ ಗೆರೆಗಳಲ್ಲಿ ಬರೆದ ಆಕೃತಿಗಳು. ಅದು ಒಳ್ಳೆಯದೇ ಆಯಿತು. ನೆರಳಿಲ್ಲ, ಬಣ್ಣವಿಲ್ಲ, ಮಸುಕಿಲ್ಲ. ಎರಡು ಗೆರೆಚಿತ್ರಗಳ ನಡುವಿನ ಸಣ್ಣ ವ್ಯತ್ಯಾಸವೊಂದೇ ಆಳ ಹುಟ್ಟಿಸಲು ಸಾಕು ಎಂಬುದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಯಿತು. ಮುಂದೆ ಡೇವಿಡ್ ಬ್ರೂಸ್ಟರ್ ಕನ್ನಡಿ ತೆಗೆದು ಲೆನ್ಸ್ ಹಾಕಿ ಕೈಯಲ್ಲಿ ಹಿಡಿಯುವ ಪೆಟ್ಟಿಗೆ ಮಾಡಿದರು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿಕೊಂಡದ್ದೇ ತಡ, ಯುರೋಪಿನ ಮನೆಮನೆಗೂ ಅದರ ಗೀಳು ಹತ್ತಿತು.

ಈ ಕೆಲಸವನ್ನು ಇವತ್ತು ಯಾವ ಆ್ಯಪಿನ ಹಂಗೂ ಇಲ್ಲದೆ ಮಾಡಬಹುದು. ಕಾಲು ತುಸು ಅಗಲಿಸಿ ನಿಲ್ಲಿ. ಮೈಭಾರ ಎಡಗಾಲಿನ ಮೇಲಿದ್ದಾಗ ಒಂದು ಫೋಟೊ. ಫೋನನ್ನು ತಿರುಗಿಸದೆ, ಮೇಲೆ ಕೆಳಗೆ ಮಾಡದೆ, ಭಾರವನ್ನು ಬಲಗಾಲಿಗೆ ಹಾಕಿ ಇನ್ನೊಂದು. ಛಾಯಾಗ್ರಾಹಕರು ಇದನ್ನು ಕ್ಯೂಬಾದ ಕುಣಿತದ ಹೆಸರಿನಲ್ಲಿ ‘ಚಾ-ಚಾ’ ಎನ್ನುತ್ತಾರೆ. ಎಷ್ಟು ಸರಿಯಬೇಕು ಎಂಬುದಕ್ಕೆ ಒಂದು ಒರಟು ಲೆಕ್ಕವಿದೆ: ಚಿತ್ರದಲ್ಲಿ ಎಲ್ಲಕ್ಕಿಂತ ಹತ್ತಿರ ಇರುವ ವಸ್ತುವಿನ ದೂರದ ಮೂವತ್ತನೇ ಒಂದು ಭಾಗ. ಅಜ್ಜಿ 2 ಮೀಟರ್ ದೂರದಲ್ಲಿದ್ದರೆ ಆರೇಳು ಸೆಂ.ಮೀ. ನಮ್ಮ ಎರಡು ಕಣ್ಣುಗಳ ಅಂತರವೂ ಸುಮಾರು ಅಷ್ಟೇ, ಸರಾಸರಿ 63 ಮಿ.ಮೀ. ಎದುರಿಗಿರುವುದು 300 ಮೀಟರ್ ಆಚೆಯ ಬೆಟ್ಟವಾದರೆ 10 ಮೀಟರ್ ನಡೆದುಹೋಗಿ ಎರಡನೆಯ ಫೋಟೊ ತೆಗೆಯಬೇಕು. ಆಳವೇನೋ ಸೊಗಸಾಗಿ ಬರುತ್ತದೆ, ಆದರೆ ಬೆಟ್ಟ ನವರಾತ್ರಿಯ ಗೊಂಬೆ ಮೆಟ್ಟಿಲಿನ ಪಕ್ಕ ಮಣ್ಣು ರಾಗಿಪೈರಿನಲ್ಲಿ ಮಾಡಿಟ್ಟ ಪುಟ್ಟ ಬೆಟ್ಟದಂತೆ ಕಾಣುತ್ತದೆ. ಕಣ್ಣುಗಳು 10 ಮೀಟರ್ ಅಂತರದಲ್ಲಿರುವ ಪ್ರಾಣಿಗೆ ಬೆಟ್ಟ ಆಟಿಕೆಯೇ ತಾನೆ?

ತೆಗೆದ ಜೋಡಿಯನ್ನು ನೋಡುವುದಕ್ಕೆ ಹಲವು ದಾರಿಗಳಿವೆ. ಎಡಚಿತ್ರದ ಕೆಂಪು ಅಂಶವನ್ನೂ ಬಲಚಿತ್ರದ ಹಸಿರು ಮತ್ತು ನೀಲಿ ಅಂಶಗಳನ್ನೂ ಒಂದರ ಮೇಲೊಂದು ಹೊಂದಿಸಿದರೆ, ಕೆಂಪು-ನೀಲಿ ಕನ್ನಡಕದಲ್ಲಿ ನೋಡುವ ಚಿತ್ರ ಸಿದ್ಧ. ಈ ಉಪಾಯ 1853ರಷ್ಟು ಹಳೆಯದು. ಕನ್ನಡಕ ಬೇಡವೆಂದರೆ ಎರಡನ್ನೂ ಒಂದಾದ ಮೇಲೊಂದರಂತೆ ಬೇಗಬೇಗ ಬದಲಾಯಿಸುತ್ತ ತೋರಿಸಿ. ಚಿತ್ರ ತೂಗಾಡುತ್ತದೆ, ಹತ್ತಿರದ್ದು ಹೆಚ್ಚು, ದೂರದ್ದು ಕಡಿಮೆ. ಆ ವ್ಯತ್ಯಾಸವನ್ನು ಮಿದುಳು ಆಳವೆಂದು ಓದಿಕೊಳ್ಳುತ್ತದೆ. ಬಸ್ಸಿನ ಕಿಟಕಿಯಿಂದ ನೋಡುವಾಗ ಪಕ್ಕದ ಮೈಲಿಗಲ್ಲು ಓಡಿ, ದೂರದ ತೆಂಗಿನಮರ ನಿಧಾನವಾಗಿ ಸರಿಯುವುದೂ ಇದೇ ಲೆಕ್ಕ. ಚಾ-ಚಾದ ಶತ್ರು ಗಾಳಿ. ಎರಡು ಕ್ಲಿಕ್‌ಗಳ ನಡುವೆ ಎಲೆ ಅಲ್ಲಾಡಿದರೆ ಆ ಎಲೆ ಎಲ್ಲಿದೆಯೆಂದು ಯಾರಿಗೂ ಹೇಳಲಾಗುವುದಿಲ್ಲ.

ಒಂದು ಸೆಂಟಿಮೀಟರಿನ ಮಿತಿ

ಹಾಗಾದರೆ ಫೋನಿಗೇ ಎರಡು ಕಣ್ಣು ಕೊಟ್ಟರೆ? 2011ರಲ್ಲಿ ಎಚ್‌ಟಿಸಿ, ಎಲ್‌ಜಿ ಎರಡೂ ಹಿಂಬದಿಯಲ್ಲಿ ಜೋಡಿ ಕ್ಯಾಮೆರಾ, ಮುಂದೆ ಕನ್ನಡಕವಿಲ್ಲದೆ 3ಡಿ ತೋರುವ ಪರದೆ ಇರುವ ಫೋನುಗಳನ್ನು ಮಾರಲು ಹೊರಟವು. ಜನ ಕೊಳ್ಳಲಿಲ್ಲ. ಜೋಡಿ ಕ್ಯಾಮೆರಾ ಗೆದ್ದದ್ದು ಬೇರೆ ವೇಷದಲ್ಲಿ. 2016ರ ಐಫೋನ್ 7 ಪ್ಲಸ್ ಎರಡು ಲೆನ್ಸ್‌ಗಳಿಂದ ಆಳ ಲೆಕ್ಕ ಹಾಕಿತು, ಆದರೆ 3ಡಿ ತೋರಿಸಲು ಹೋಗಲಿಲ್ಲ. ಮುಖ ಸ್ಪಷ್ಟವಾಗಿಟ್ಟು ಹಿನ್ನೆಲೆಯನ್ನು ಮಂಜಾಗಿಸಿತು. ಪೋರ್ಟ್ರೇಟ್ ಮೋಡ್ ಎಂದು ನಾವು ದಿನಾ ಒತ್ತುವ ಗುಂಡಿಯ ಹಿಂದೆ ಇರುವುದು ಒಂದು ಆಳದ ನಕ್ಷೆ. ಪ್ರತಿ ಬಿಂದುವಿಗೂ ಒಂದು ದೂರ. ಹತ್ತಿರದ್ದು ಬಿಳಿ, ದೂರದ್ದು ಕಪ್ಪು ಎಂದು ಬರೆದಿಟ್ಟ ಒಂದು ಬೂದು ಚಿತ್ರ.

ಈ ಅಳತೆಯ ಗಣಿತ ಹೈಸ್ಕೂಲಿನ ಸಮರೂಪ ತ್ರಿಭುಜಗಳನ್ನು ದಾಟುವುದಿಲ್ಲ. ಎರಡು ಕ್ಯಾಮೆರಾಗಳ ನಡುವೆ 1 ಸೆಂ.ಮೀ. ಅಂತರ, ಚಿತ್ರದ ಅಗಲ ಸುಮಾರು 4000 ಬಿಂದು ಎಂದಿಟ್ಟುಕೊಳ್ಳಿ. 1 ಮೀಟರ್ ದೂರದ ವಸ್ತು ಎರಡು ಚಿತ್ರಗಳ ನಡುವೆ ಹೆಚ್ಚುಕಡಿಮೆ 30 ಬಿಂದುಗಳಷ್ಟು ಸರಿಯುತ್ತದೆ. 10 ಮೀಟರ್ ದೂರದ್ದು 3 ಬಿಂದು. 100 ಮೀಟರ್ ದೂರದ್ದು ಒಂದು ಬಿಂದುವಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಂದರೆ ಅಜ್ಜಿಯನ್ನೂ ತುಳಸಿಕಟ್ಟೆಯನ್ನೂ ಫೋನು ಚೆನ್ನಾಗಿ ಬಿಡಿಸುತ್ತದೆ. ಹಿತ್ತಲಿನ ತೆಂಗಿನಮರಕ್ಕೂ ಅದರಾಚೆಯ ಗುಡ್ಡಕ್ಕೂ ಭೇದ ಕಾಣದೆ ಎರಡನ್ನೂ ‘ದೂರ’ ಎಂಬ ಒಂದೇ ಗೋಡೆಗೆ ಅಂಟಿಸುತ್ತದೆ.

2017ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 2 ಫೋನಿನಲ್ಲಿ ಆಳದ ಲೆಕ್ಕವನ್ನು ಒಂದೇ ಲೆನ್ಸ್‌ನಲ್ಲಿ ಮಾಡಿ ತೋರಿಸಿತು. ಫೋಕಸ್ ಹುಡುಕಲೆಂದು ಸೆನ್ಸರಿನ ಪ್ರತಿ ಬಿಂದುವನ್ನೂ ಎರಡು ಹೋಳು ಮಾಡಲಾಗಿತ್ತು. ಒಂದು ಹೋಳು ಲೆನ್ಸ್‌ನ ಎಡಭಾಗದಿಂದ, ಇನ್ನೊಂದು ಬಲಭಾಗದಿಂದ ಬಂದ ಬೆಳಕನ್ನು ಹಿಡಿಯುತ್ತದೆ. ಅಲ್ಲಿಗೆ ಒಂದೇ ಲೆನ್ಸ್‌ನೊಳಗೆ ಎರಡು ಕಣ್ಣು ಸಿಕ್ಕವು. ಅವುಗಳ ಅಂತರ 1 ಮಿ.ಮೀ.ಗಿಂತಲೂ ಕಡಿಮೆ! ಅಷ್ಟು ಸಣ್ಣ ವ್ಯತ್ಯಾಸವನ್ನು ಗದ್ದಲದಿಂದ ಹೆಕ್ಕಿ ತೆಗೆದದ್ದು ದೊಡ್ಡ ಸಾಹಸ. ಅದೊಂದೇ ಸಾಲದೆಂದು, ಎಲ್ಲಿ ಮನುಷ್ಯ ಇದ್ದಾನೆಂದು ಗುರುತಿಸುವ ನ್ಯೂರಲ್ ನೆಟ್‌ವರ್ಕನ್ನೂ ಜೊತೆಗಿಟ್ಟರು. ಅಳತೆಯ ಪಕ್ಕದಲ್ಲಿ ಊಹೆ ಬಂದು ಕೂತ ಒಂದು ಗಳಿಗೆ ಅದು.

2020ರಲ್ಲಿ ಆ್ಯಪಲ್ ದುಬಾರಿ ಮಾದರಿಗಳಿಗೆ ಲೈಡಾರ್ ಸೇರಿಸಿತು. ಕಣ್ಣಿಗೆ ಕಾಣದ ಲೇಸರ್ ಚುಕ್ಕೆಗಳನ್ನು ಚೆಲ್ಲಿ, ಅವು ಮರಳಿ ಬರುವ ಹೊತ್ತನ್ನು ಎಣಿಸುವ ಸಲಕರಣೆ ಇದು. 1 ಮೀಟರ್ ಹೋಗಿಬರಲು ಬೆಳಕಿಗೆ ಬೇಕಾಗುವುದು 7 ನ್ಯಾನೊಸೆಕೆಂಡಿಗಿಂತ ಕಡಿಮೆ. ನಂಬಬಹುದಾದ ಅಳತೆಯೇ, ಆದರೆ 5 ಮೀಟರ್ ಆಸುಪಾಸಿಗೆ ಅದರ ಕೈ ನಿಲ್ಲುತ್ತದೆ, ಚುಕ್ಕೆಗಳೂ ವಿರಳ. ಮದುವೆಮನೆಯ ಪೋರ್ಟ್ರೇಟ್ ಫೋಟೊಗಳನ್ನು ಹಿಗ್ಗಿಸಿ ನೋಡಿ. ಮದುಮಗಳ ಜಡೆಯಿಂದ ಹೊರಚಾಚಿದ ಮಲ್ಲಿಗೆಯ ಮೊಗ್ಗು, ಕಿವಿಯ ಪಕ್ಕದ ಬಿಡಿಕೂದಲು, ಕನ್ನಡಕದ ಅಂಚು: ಇವು ಹಿನ್ನೆಲೆಯ ಜೊತೆ ಮಂಜಾಗಿಬಿಟ್ಟಿರುತ್ತವೆ. ಆಳದ ನಕ್ಷೆಗೆ ಕೂದಲು ಎಂಬ ವಸ್ತು ಇನ್ನೂ ಸರಿಯಾಗಿ ಪಳಗಿಲ್ಲ.

ಕದಲದೆ ನಿಂತವರು ಕಲಿಸಿದ ಪಾಠ

ಇಷ್ಟೂ ಅಳತೆಯ ಕಥೆ. ಒಂದೇ ಕ್ಯಾಮೆರಾದ ಅಗ್ಗದ ಫೋನಿನಲ್ಲಿ ತೆಗೆದ, ಅಥವಾ ಆಲ್ಬಂನಿಂದ ಸ್ಕ್ಯಾನ್ ಮಾಡಿದ ಫೋಟೊದಲ್ಲಿ ಅಳೆಯಲು ಏನೂ ಇಲ್ಲ. ಅಲ್ಲಿ ಕೊಳವೆಯಿಂದ ನೋಡುವ ಒಂಟಿಗಣ್ಣು ಮಾಡಿದ್ದನ್ನೇ ಯಂತ್ರವೂ ಮಾಡಬೇಕು, ಅಂದರೆ ಅನುಭವದಿಂದ ಊಹಿಸಬೇಕು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೆರೆಕ್ ಹೊಯೆಮ್ ಮತ್ತು ಸಂಗಡಿಗರು 2005ರಲ್ಲಿ ಒಂದು ಫೋಟೊದಲ್ಲಿ ನೆಲ ಯಾವುದು, ನಿಂತ ಗೋಡೆ ಯಾವುದು, ಆಕಾಶ ಯಾವುದು ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ನೆಲ-ಗೋಡೆ ಕೂಡುವ ಗೆರೆಯಲ್ಲಿ ಫೋಟೊವನ್ನು ಮಡಚಿ ನಿಲ್ಲಿಸಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಅಶುತೋಷ್ ಸಕ್ಸೇನಾ ಮತ್ತು ಆಂಡ್ರ್ಯೂ ಎನ್‌ಜಿ ಅವರ ತಂಡ ಒಂದೇ ಚಿತ್ರದಿಂದ ಬಿಂದುಬಿಂದುವಿನ ಆಳವನ್ನು ಕಲಿಯಬಹುದೆಂದು ತೋರಿಸಿತು. ಹಲವು ಪದರಗಳ ನ್ಯೂರಲ್ ನೆಟ್‌ವರ್ಕ್‌ಗಳು ಈ ಕೆಲಸಕ್ಕೆ ಇಳಿದದ್ದು 2014ರ ಸುಮಾರಿಗೆ. ಆಗಿನಿಂದ ತೊಡಕು ಗಣಿತದ್ದಲ್ಲ, ಪಠ್ಯಪುಸ್ತಕದ್ದು. ನೆಟ್‌ವರ್ಕ್ ಕಲಿಯಬೇಕಾದರೆ ಫೋಟೊ ಮತ್ತು ಅದರ ನಿಜವಾದ ಆಳ, ಎರಡೂ ಇರುವ ಉದಾಹರಣೆಗಳು ಬೇಕು. ಕಾರಿನ ಮೇಲೆ ಲೇಸರ್ ಕಟ್ಟಿ ಜರ್ಮನಿಯ ಬೀದಿಗಳಲ್ಲಿ ಸುತ್ತಿದರು. ಅದರಿಂದ ಕಲಿತದ್ದು ಬೀದಿಯನ್ನು ಮಾತ್ರ. ಆಟಕ್ಕೆಂದು ಬಂದ, ಆಳ ಅಳೆಯುವ ಕಿನೆಕ್ಟ್ ಯಂತ್ರವನ್ನು ಹಿಡಿದು ಮನೆಯೊಳಗೆ ಓಡಾಡಿದರು. ಅದಕ್ಕೆ ಬಿಸಿಲು ಆಗದು. ಪ್ರವಾಸಿ ತಾಣಗಳ ಸಾವಿರಾರು ಫೋಟೊಗಳನ್ನು ತಾಳೆಹಾಕಿ ಆಳ ತೆಗೆದರು. ಅಲ್ಲಿ ಗೋಪುರ, ಗೋಡೆ ಸಿಕ್ಕವು, ಜನ ಸಿಗಲಿಲ್ಲ. ತಾಳೆಹಾಕುವ ಗಣಿತಕ್ಕೆ ದೃಶ್ಯ ಕದಲದೆ ಇರಬೇಕು, ಮನುಷ್ಯರು ಕದಲುತ್ತಾರೆ.

ಆ ಗಂಟು ಬಿಚ್ಚಿದ್ದು ಒಂದು ಹುಡುಗಾಟ. 2016ರ ಅಕ್ಟೋಬರಿನಲ್ಲಿ ಅಮೆರಿಕದ ಫ್ಲಾರಿಡಾದ ಶಾಲಾಮಕ್ಕಳು ತರಗತಿಯಲ್ಲಿ ಬೊಂಬೆಗಳಂತೆ ಸ್ತಬ್ಧವಾಗಿ ನಿಂತರು, ಒಬ್ಬರು ಅವರ ನಡುವೆ ಫೋನು ಹಿಡಿದು ನಡೆದಾಡಿ ವಿಡಿಯೊ ಮಾಡಿದರು. ‘ಮ್ಯಾನಿಕ್ವಿನ್ ಚಾಲೆಂಜ್’ ಎಂದು ಅದು ಲೋಕವನ್ನೆಲ್ಲ ಸುತ್ತಿತು. ಆಟಗಾರರು, ರಾಜಕಾರಣಿಗಳು, ಕಚೇರಿಯ ಗುಮಾಸ್ತರು ಎಲ್ಲ ಎತ್ತಿದ ಕಾಲು ಇಳಿಸದೆ, ತುತ್ತು ಹಿಡಿದ ಕೈ ಕದಲಿಸದೆ ನಿಂತರು. ಒಂದೆರಡು ತಿಂಗಳಲ್ಲಿ ಜನ ಮರೆತರು. ಗೂಗಲ್‌ನ ಸಂಶೋಧಕರು ಮರೆಯಲಿಲ್ಲ. ಜನ ನಿಂತಿದ್ದಾರೆ, ಕ್ಯಾಮೆರಾ ಚಲಿಸುತ್ತಿದೆ. ಮನುಷ್ಯರ ಆಳ ಅಳೆಯಲು ಇದಕ್ಕಿಂತ ಬೇರೇನು ಬೇಕು? ಅಂಥ ಸುಮಾರು 2000 ವಿಡಿಯೊಗಳನ್ನು ಕಲೆಹಾಕಿ, ಲೆಕ್ಕ ಹಾಕಿ, ನೆಟ್‌ವರ್ಕಿಗೆ ಪಾಠ ಮಾಡಿ 2019ರಲ್ಲಿ ಪ್ರಕಟಿಸಿದರು. ಕದಲದೆ ನಿಂತವರನ್ನು ನೋಡಿ ಕಲಿತ ಯಂತ್ರ ಓಡಾಡುವವರ ಆಳವನ್ನು ಹೇಳತೊಡಗಿತು. ತುತ್ತು ಹಿಡಿದು ನಿಂತವರಲ್ಲಿ ಯಾರಿಗೂ ತಾವು ಮೇಷ್ಟರಾಗುತ್ತಿದ್ದೇವೆ ಎಂಬ ಕಲ್ಪನೆ ಇದ್ದಿರಲಾರದು. ನಾವು ನಗುತ್ತ ಹಾಕುವ ವಿಡಿಯೊಗಳು ಇನ್ನೆಲ್ಲಿ ಯಾರ ಪಠ್ಯವಾಗುತ್ತವೋ ಎಂದು ನನಗೆ ಈಗಲೂ ಒಂದು ಸಣ್ಣ ಕಸಿವಿಸಿ ಇದೆ.

ಇನ್ನೊಂದು ಪಠ್ಯ ಸಿನಿಮಾದಿಂದ ಬಂತು. 2012ರಲ್ಲಿ ‘ಕಠಾರಿವೀರ ಸುರಸುಂದರಾಂಗಿ’ಗೆ ಕನ್ನಡಕ ಹಾಕಿಕೊಂಡು ಕೂತಿದ್ದವರಿಗೆ ನೆನಪಿರಬಹುದು: ಕನ್ನಡಕ ತೆಗೆದರೆ ಪರದೆಯ ಮೇಲೆ ಪ್ರತಿಯೊಂದೂ ಎರಡೆರಡು. 3ಡಿ ಸಿನಿಮಾ ಎಂದರೆ ಪ್ರತಿ ಚೌಕಟ್ಟಿಗೂ ಎಡ-ಬಲದ ಜೋಡಿ, ಅಂದರೆ ಅಳೆಯಬಹುದಾದ ಆಳ. ಇಂಟೆಲ್‌ನ ಸಂಶೋಧಕರು ‘ಮಿಡಾಸ್’ ಎಂಬ ನೆಟ್‌ವರ್ಕಿಗೆ ಕಲಿಸುವಾಗ 3ಡಿ ಸಿನಿಮಾಗಳ ಡಿಸ್ಕುಗಳನ್ನೂ ಬಳಸಿಕೊಂಡರು. ಸಿನಿಮಾದವರು ದೃಶ್ಯದಿಂದ ದೃಶ್ಯಕ್ಕೆ ಕ್ಯಾಮೆರಾಗಳ ಅಂತರವನ್ನು ಬದಲಾಯಿಸುತ್ತಲೇ ಇರುತ್ತಾರೆ, ಎಷ್ಟೆಂದು ಎಲ್ಲೂ ಬರೆದಿಡುವುದಿಲ್ಲ. ಆದ್ದರಿಂದ ಅಂಥ ಪಾಠದಿಂದ ಯಾವುದು ಮುಂದೆ, ಯಾವುದು ಹಿಂದೆ ಎಂಬುದನ್ನು ಕಲಿಯಬಹುದು. ಎಷ್ಟು ಮೀಟರ್ ಎಂಬುದನ್ನಲ್ಲ. 3ಡಿ ಪರಿಣಾಮಕ್ಕೆ ಅಷ್ಟು ಸಾಕು. ಮೇಜಿನ ಅಳತೆ ತೆಗೆಯಲು ಸಾಲದು.

2024ರಲ್ಲಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಮತ್ತು ಟಿಕ್‌ಟಾಕ್ ಸಂಶೋಧಕರ ‘ಡೆಪ್ತ್ ಎನಿಥಿಂಗ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಳ ಗೊತ್ತಿರುವ 15 ಲಕ್ಷ ಚಿತ್ರಗಳಿಂದ ಮೊದಲು ಒಂದು ಗುರು ನೆಟ್‌ವರ್ಕನ್ನು ತಯಾರು ಮಾಡಿದರು. ಆ ಗುರು, ಆಳ ಗೊತ್ತಿಲ್ಲದ 6.2 ಕೋಟಿ ಫೋಟೊಗಳಿಗೆ ಆಳವನ್ನು ಊಹಿಸಿ ಬರೆಯಿತು. ಶಿಷ್ಯ ನೆಟ್‌ವರ್ಕಿಗೆ ಅದೇ ಫೋಟೊಗಳನ್ನು ಬಣ್ಣ ಕೆಡಿಸಿ, ಮಂಜು ಮಾಡಿ, ಕತ್ತರಿಸಿ ಅಂಟಿಸಿ ಕೊಟ್ಟು, ಗುರು ಹೇಳಿದ ಉತ್ತರವನ್ನೇ ಹೇಳು ಎಂದರು. ಕಷ್ಟದ ಪ್ರಶ್ನೆಪತ್ರಿಕೆ ಬರೆದ ಶಿಷ್ಯ ಕೊನೆಗೆ ಗುರುವಿಗೇ ತಿರುಮಂತ್ರ ಹೇಳುವಷ್ಟು ಬೆಳೆಯಿತು.

ಇಷ್ಟಕ್ಕೂ ಇವು ನೋಡುವುದೇನನ್ನು? ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಟಾಮ್ ವಾನ್ ಡೈಕ್ ಮತ್ತು ಗೀಡೊ ಡೆ ಕ್ರೂನ್ 2019ರಲ್ಲಿ ರಸ್ತೆಯ ಚಿತ್ರಗಳಿಂದ ಕಲಿತ ಒಂದು ನೆಟ್‌ವರ್ಕನ್ನು ಪಾಟೀಸವಾಲಿಗೆ ನಿಲ್ಲಿಸಿದರು. ಕಾರಿನ ಚಿತ್ರವನ್ನು ಕತ್ತರಿಸಿ ರಸ್ತೆಯಲ್ಲಿ ಮೇಲೆ ಕೆಳಗೆ ಸರಿಸಿದರು, ಹಿಗ್ಗಿಸಿ ಕುಗ್ಗಿಸಿದರು. ದೂರದ ಕಾರು ಚಿಕ್ಕದಾಗಿ ಕಾಣುತ್ತದೆಂಬ ಸುಳಿವನ್ನು ಅದು ಹೆಚ್ಚೂಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ! ಕಾರಿನ ಚಕ್ರ ನೆಲ ಮುಟ್ಟುವ ಜಾಗ ಚಿತ್ರದಲ್ಲಿ ಎಷ್ಟು ಮೇಲಿದೆ ಎಂಬುದನ್ನಷ್ಟೇ ನೋಡುತ್ತಿತ್ತು. ರಸ್ತೆಯ ನಡುವೆ ಒಂದು ಫ್ರಿಜ್ ಅಂಟಿಸಿದರೆ ಅದರ ಕಣ್ಣಿಗೆ ಬೀಳಲೇ ಇಲ್ಲ. ಫ್ರಿಜ್‌ನ ಬುಡಕ್ಕೆ ಕಪ್ಪು ನೆರಳು ಬಳಿದರೆ ಕಂಡಿತು. ಈಚಿನ ನೆಟ್‌ವರ್ಕ್‌ಗಳು ಇಷ್ಟು ಪೆದ್ದಲ್ಲ. ಆದರೂ ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರನ್ನು ಚೌಕಟ್ಟು ತುಂಬ ತೆಗೆದು ಕೊಟ್ಟು ನೋಡಿ. ನಾಯಕ ಮುಂದೆ, ಉರಿಯುವ ಜೀಪು ಹಿಂದೆ ಎಂದು ಆಳ ಬರೆದುಕೊಡುತ್ತದೆ. ನಿಜದಲ್ಲಿ ಎರಡೂ ಒಂದೇ ಕಾಗದ. ಅಳೆಯುವ ಯಂತ್ರವಾದರೆ ಹೀಗೆ ಬೇಸ್ತು ಬೀಳುತ್ತಿರಲಿಲ್ಲ.

ಅಜ್ಜಿಯ ಹಿಂದಿನ ಪಟ್ಟಿ

ಅಳತೆಯೋ ಊಹೆಯೋ, ಆಳದ ನಕ್ಷೆ ಸಿಕ್ಕಿತು ಎನ್ನಿ. ಪ್ರತಿ ಬಿಂದುವನ್ನೂ ಅದರ ದೂರಕ್ಕೆ ತಳ್ಳಿ ನಿಲ್ಲಿಸಿದರೆ ಫೋಟೊ ಒಂದು ಉಬ್ಬುಶಿಲ್ಪವಾಗುತ್ತದೆ. ಈಗ ನೋಡುವ ಜಾಗವನ್ನು 3 ಸೆಂ.ಮೀ. ಬಲಕ್ಕೆ ಸರಿಸಿ. 2 ಮೀಟರ್ ದೂರದ ಅಜ್ಜಿ, 3 ಮೀಟರ್ ದೂರದ ತುಳಸಿಕಟ್ಟೆ ಎಂದಾದರೆ, ಅಜ್ಜಿಯ ಪಕ್ಕದಲ್ಲಿ 15 ಬಿಂದು ಅಗಲದ ಒಂದು ಪಟ್ಟಿ ಖಾಲಿ ಬೀಳುತ್ತದೆ. ಕಟ್ಟೆಯ ಆ ಭಾಗ ಅಜ್ಜಿಯ ಹಿಂದೆ ಮರೆಯಾಗಿತ್ತು, ಕ್ಯಾಮೆರಾ ಅದನ್ನು ನೋಡಿಯೇ ಇಲ್ಲ. ಅಲ್ಲಿ ಏನು ತೋರಿಸುವುದು? ಹಿಂದಿನ ತಂತ್ರಾಂಶಗಳು ಮುಂದಿನ ಬಿಂದುಗಳನ್ನೇ ಎಳೆದು ಮುಚ್ಚುತ್ತಿದ್ದವು, ಅಜ್ಜಿಯ ಸೆರಗು ರಬ್ಬರಿನಂತೆ ಕಟ್ಟೆಯವರೆಗೂ ಜಗ್ಗುತ್ತಿತ್ತು. ಈಗ ಚಿತ್ರವನ್ನು ಒಂದರ ಹಿಂದೊಂದು ಪದರಗಳಾಗಿ ಬಿಡಿಸಿ, ಹಿಂದಿನ ಪದರದ ತೂತನ್ನು ಸುತ್ತಲಿನ ಬಣ್ಣ-ವಿನ್ಯಾಸ ನೋಡಿಕೊಂಡು ಇನ್ನೊಂದು ನೆಟ್‌ವರ್ಕ್ ತುಂಬುತ್ತದೆ. ಕಟ್ಟೆಯ ಕೆಮ್ಮಣ್ಣು ಮುಂದುವರಿಯುತ್ತದೆ, ರಂಗೋಲಿಯ ಗೆರೆ ಸುಮಾರಾಗಿ ಕೂಡಿಕೊಳ್ಳುತ್ತದೆ. ಅಲ್ಲಿ ನಿಜಕ್ಕೂ ಒಂದು ಹಿತ್ತಾಳೆ ತಂಬಿಗೆ ಇತ್ತೇ? ಇದ್ದಿದ್ದರೆ ಹೋಯಿತು.

ಹಾಗಾಗಿಯೇ ಇಂಥ ಚಿತ್ರಗಳು ಬಹಳ ಸರಿದಾಡುವುದಿಲ್ಲ. ಫೇಸ್‌ಬುಕ್ 2018ರಲ್ಲಿ ಜೋಡಿ ಕ್ಯಾಮೆರಾ ಫೋನುಗಳಿಗೆ, 2020ರ ಫೆಬ್ರುವರಿಯಲ್ಲಿ ಒಂದೇ ಕ್ಯಾಮೆರಾದ ಫೋನುಗಳಿಗೂ ಹಳೆಯ ಫೋಟೊಗಳಿಗೂ 3ಡಿ ಕೊಟ್ಟಿತು. ಫೋನನ್ನು ವಾಲಿಸಿದರೆ ಅದರೊಳಗಿನ ಗೈರೊಸ್ಕೋಪ್ ಆ ವಾಲಿಕೆಯನ್ನು ತಿಳಿದು ಪದರಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಸರಿಸುತ್ತದೆ. ಎಷ್ಟು ವಾಲಿಸಿದರೂ ಒಂದು ಮಿತಿಯಾಚೆ ಹೋಗದು. ಆಚೆ ಹೋದರೆ ಬಣ್ಣ ಬಯಲಾಗುತ್ತದೆ. ಅದೇ ವರ್ಷದ ಕೊನೆಗೆ ಗೂಗಲ್ ಫೋಟೊಸ್ ತಾನೇ ಹಳೆಯ ಫೋಟೊ ಆರಿಸಿ ಅದರೊಳಗೆ ಕ್ಯಾಮೆರಾ ತೇಲಿದಂತೆ ತೋರಿಸತೊಡಗಿತು. ಕ್ಯಾಮೆರಾ ಯಾವ ದಾರಿಯಲ್ಲಿ ತೇಲಿದರೆ ತೂತುಗಳು ಕಡಿಮೆ ಕಾಣುತ್ತವೆಂದು ಲೆಕ್ಕ ಹಾಕಿಯೇ ಅದು ಹೊರಡುತ್ತದೆ. 2025ರ ಐಒಎಸ್ 26ರಲ್ಲಿ ಯಾವ ಫೋಟೊವನ್ನಾದರೂ ಹೀಗೆ ಮಾಡುವ ಗುಂಡಿಯೇ ಬಂದಿದೆ.

ಇದೇ ಕೆಲಸವನ್ನು ಕೈಯಲ್ಲಿ ಮಾಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ‘ಟೈಟಾನಿಕ್’ ಸಿನಿಮಾವನ್ನು 2012ರಲ್ಲಿ 3ಡಿಗೆ ತಂದಾಗ ಚೌಕಟ್ಟು ಚೌಕಟ್ಟಿನಲ್ಲೂ ವಸ್ತುಗಳ ಅಂಚು ಬಿಡಿಸಿ, ಆಳ ಗೊತ್ತುಮಾಡಿ, ತೂತು ತುಂಬಲು 60 ವಾರ ಹಿಡಿದಿತ್ತು, ಖರ್ಚು 1.8 ಕೋಟಿ ಡಾಲರ್. ನಮ್ಮ ರಾಮನಗರದ ಬಂಡೆಗಳಲ್ಲಿ ಚಿತ್ರೀಕರಿಸಿದ ‘ಶೋಲೆ’ ಕೂಡ 2014ರ ಜನವರಿಯಲ್ಲಿ 3ಡಿಯಾಗಿ ಮರಳಿ ಬಂತು. ಇವುಗಳಲ್ಲಿ ಮನುಷ್ಯರು ಕೂತು ತೀರ್ಮಾನಿಸಿದ ಆಳವಿತ್ತು. ಫೋನಿನ ಊಹೆ ಅಷ್ಟು ನಾಜೂಕಲ್ಲ, ಆದರೆ ಅದು ಮುಗಿಯುವುದು ಕ್ಷಣದಲ್ಲಿ.

ಇಲ್ಲದ ಗೋಪುರ

ಆಟಕ್ಕಾದರೆ ಈ ಕಟ್ಟುಕತೆಯ ಪಟ್ಟಿ ಯಾರಿಗೂ ತೊಂದರೆ ಕೊಡದು. ದಾಖಲೆಯ ವಿಷಯಕ್ಕೆ ಬಂದರೆ ನಾನು ಅಷ್ಟು ಉದಾರಿಯಲ್ಲ. ಒಂದು ಉದಾಹರಣೆ ಹಂಪಿಯಲ್ಲೇ ಇದೆ.

ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ 1856ರಲ್ಲಿ ಮೇಣದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಫೋಟೊಗಳನ್ನು ತೆಗೆದರು. ವಿಠ್ಠಲ ದೇವಾಲಯದ ಕಲ್ಲಿನ ರಥ ಅವುಗಳಲ್ಲಿದೆ, ಮತ್ತು ಅದರ ನೆತ್ತಿಯ ಮೇಲೆ ಇಟ್ಟಿಗೆ ಗಾರೆಯ ಶಿಖರವೊಂದಿದೆ. ಇವತ್ತು ಆ ಶಿಖರ ಇಲ್ಲ. ಗ್ರೀನ್‌ಲಾ ಫೋಟೊವನ್ನು ಸ್ಕ್ಯಾನ್ ಮಾಡಿ ಫೋನಿಗೆ ಕೊಟ್ಟರೆ ಶಿಖರವೂ ಉಬ್ಬಿ ನಿಲ್ಲುತ್ತದೆ, ಫೋನು ವಾಲಿಸಿದರೆ ಅದರ ಮಗ್ಗುಲೂ ತುಸು ಇಣುಕುತ್ತದೆ. ಆ ಮಗ್ಗುಲನ್ನು ಗ್ರೀನ್‌ಲಾ ಕ್ಯಾಮೆರಾ ನೋಡಿಲ್ಲ. ಅದು 1856ರದ್ದಲ್ಲ, ಮೊನ್ನೆ ಮೊನ್ನೆ ಲಕ್ಷಾಂತರ ಬೇರೆ ಫೋಟೊಗಳಿಂದ ಕಲಿತ ಯಂತ್ರ ಬರೆದದ್ದು.

ನಿಜವಾಗಿ ಅಳೆಯಬೇಕೆಂದರೆ ದಾರಿ ಬೇರೆ: ಸಾಮಾನ್ಯ ಫೋಟೊಗಳೇ, ಆದರೆ ಬಹಳ. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಮೈಕ್ರೊಸಾಫ್ಟ್‌ನ ಸಂಶೋಧಕರು 2006ರಲ್ಲಿ ಯಾರ್ಯಾರೋ ಪ್ರವಾಸಿಗಳು ತೆಗೆದ ಫೋಟೊಗಳಲ್ಲಿ ಒಂದೇ ಮೂಲೆ, ಒಂದೇ ಕೆತ್ತನೆಯನ್ನು ಹುಡುಕಿ ತಾಳೆಹಾಕಿ, ಪ್ರತಿ ಕ್ಯಾಮೆರಾ ಎಲ್ಲಿ ನಿಂತಿತ್ತೆಂಬುದನ್ನೂ ಕಟ್ಟಡದ ಆಕಾರವನ್ನೂ ಒಟ್ಟಿಗೇ ಬಿಡಿಸಬಹುದೆಂದು ತೋರಿಸಿದರು. 2009ರಲ್ಲಿ ಸಮೀರ್ ಅಗರ್‌ವಾಲ್ ಮತ್ತು ಸಂಗಡಿಗರು ರೋಮ್ ನಗರದ ಒಂದೂವರೆ ಲಕ್ಷ ಫೋಟೊಗಳನ್ನು 496 ಪ್ರೊಸೆಸರ್ ಕೋರ್‌ಗಳಿಗೆ ಹಚ್ಚಿ 21 ಗಂಟೆಯಲ್ಲಿ ಮುಗಿಸಿದರು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಡಿಜಿಟಲ್ ಪರಂಪರೆ ಯೋಜನೆ ಆರಿಸಿಕೊಂಡದ್ದು ಹಂಪಿಯನ್ನೇ. ಐಐಟಿಗಳ ಜೊತೆ ಹುಬ್ಬಳ್ಳಿಯ ಬಿ.ವಿ. ಭೂಮರೆಡ್ಡಿ ಎಂಜಿನಿಯರಿಂಗ್ ಕಾಲೇಜಿನವರೂ ಅದರಲ್ಲಿ ಕೆಲಸ ಮಾಡಿದರು. 2023ರಿಂದ ಗೌಸಿಯನ್ ಸ್ಪ್ಲ್ಯಾಟಿಂಗ್ ಎಂಬ ವಿಧಾನ ಬಂದ ಮೇಲೆ, ಲಕ್ಷಾಂತರ ಮೆತ್ತನೆಯ ಬಣ್ಣದ ಚುಕ್ಕೆಗಳಿಂದ ಇಂಥ ದೃಶ್ಯಗಳನ್ನು ಎಷ್ಟು ಸಹಜವಾಗಿ ತೋರಿಸಬಹುದೆಂದರೆ, ಕಲ್ಲಿನ ಮೇಲಿನ ಬಿಸಿಲಿನ ಹೊಳಪೂ ನೀವು ಸರಿದಂತೆ ಸರಿಯುತ್ತದೆ. ನಿಮಗೂ ಮಾಡಬೇಕೆನಿಸಿದರೆ ವಸ್ತುವಿನ ಸುತ್ತ ನಿಧಾನವಾಗಿ ನಡೆಯುತ್ತ, ಪ್ರತಿ ಫೋಟೊದಲ್ಲೂ ಹಿಂದಿನದರ ಮುಕ್ಕಾಲು ಪಾಲು ಮತ್ತೆ ಬರುವಂತೆ ತೆಗೆಯಿರಿ. ನಿಂತಲ್ಲೇ ತಿರುಗಿ ತೆಗೆದರೆ ಪ್ರಯೋಜನವಿಲ್ಲ; ಕಾಲು ಸರಿಯದೆ ಆಳ ಸಿಗದು.

ಕಲ್ಲಿನ ರಥಕ್ಕೆ ಬಂದು ಹೋಗುವವರ ಫೋನುಗಳಿಂದ ಹೀಗೆ ಅದರ ನಿಖರ ಮಾದರಿ ಮಾಡಬಹುದು, ಶಿಖರ ಮಾತ್ರ ಸಿಗದು. ಆದರೆ ಅದಕ್ಕೂ ಒಂದು ಸಂದು ಇದೆ. ರಥದ ಬದಲಾಗದ ಕಲ್ಲುಗಳನ್ನು ಇಂದಿನ ಮಾದರಿಯೊಂದಿಗೆ ತಾಳೆಹಾಕಿದರೆ ಗ್ರೀನ್‌ಲಾ ಕ್ಯಾಮೆರಾ ಎಲ್ಲಿ ನಿಂತಿತ್ತು ಎಂಬುದನ್ನು ಲೆಕ್ಕ ಹಾಕಬಹುದು. ನಿಂತ ಜಾಗ ಗೊತ್ತಾದರೆ, ಶಿಖರ ರಥದ ನಡುವಿನಲ್ಲೇ ಇತ್ತೆಂದು ಒಪ್ಪಿಕೊಂಡು, ಅದರ ಎತ್ತರವನ್ನು ಫೋಟೊದಿಂದ ಹೆಚ್ಚುಕಡಿಮೆ ಅಳೆದುಬಿಡಬಹುದು. ಇಲ್ಲಿ ಒಪ್ಪಿಕೊಂಡದ್ದೇನು, ಅಳೆದದ್ದೇನು ಎಂದು ಪಕ್ಕಕ್ಕೆ ಬರೆದಿಡಬಹುದು. ಒಂದು ಗುಂಡಿ ಒತ್ತಿ ಪಡೆದ 3ಡಿಯಲ್ಲಿ ಆ ಟಿಪ್ಪಣಿ ಇರುವುದಿಲ್ಲ.

ನಿಮ್ಮ ಫೋನಿನ ಪೋರ್ಟ್ರೇಟ್ ಫೋಟೊಗಳ ವಿಷಯದಲ್ಲೂ ಒಂದು ಮಾತು ಗೊತ್ತಿರಲಿ. ಐಫೋನಿನಂಥ ಫೋನುಗಳಲ್ಲಿ ಆಳದ ನಕ್ಷೆ ಫೋಟೊದ ಕಡತದೊಳಗೇ ಅಡಗಿರುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಎಂದು ಕಳಿಸಿದರೆ ಚಿತ್ರ ಕುಗ್ಗುತ್ತದೆ, ನಕ್ಷೆ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಮೂಲ ಕಡತವನ್ನೇ ಕಳಿಸಿದರೆ ಉಳಿಯುತ್ತದೆ. ಇಲ್ಲವಾದರೆ ದುಬೈನಲ್ಲಿರುವ ಮೊಮ್ಮಗ ಅಜ್ಜಿಯ ಫೋಟೊಕ್ಕೆ 3ಡಿ ಗುಂಡಿ ಒತ್ತಿದಾಗ, ಅಂಗಳದಲ್ಲಿ ಅಳೆದ ಆಳ ಅವನಿಗೆ ತಲುಪಿರುವುದಿಲ್ಲ; ಅವನ ಫೋನು ಹೊಸದಾಗಿ ಊಹಿಸಲು ಕೂರುತ್ತದೆ.